ಆರ್‌ನಲ್ಲಿ ದಿನನಿತ್ಯದ ಡೇಟಾ ಕೆಲಸ: ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಪುಟ್ಟ ಕೋಡ್‌ಗಳು

ಡೇಟಾ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದ ಕೆಲವೇ ದಿನಗಳಲ್ಲಿ ಸರಾಸರಿ ತೆಗೆಯುವುದು, ಗ್ರಾಫ್ ಹಾಕುವುದು ಎಲ್ಲರಿಗೂ ಬಂದುಬಿಡುತ್ತದೆ. ಆದರೆ "ಈ ಸರಾಸರಿ ಎಷ್ಟು ಸಾಲುಗಳಿಂದ ಬಂತು?" ಎಂದು ಯಾರಾದರೂ ಕೇಳಿದರೆ ಉತ್ತರ ಥಟ್ಟಂತ ಬರುವುದಿಲ್ಲ. ದಿನನಿತ್ಯದ ಡೇಟಾ ಕೆಲಸದಲ್ಲಿ ತಪ್ಪು ನುಸುಳುವುದು ಇಲ್ಲೇ. ಆರ್ ಸುಮ್ನೆ ಒಂದು ಸಂಖ್ಯೆ ಕೊಡುತ್ತದೆ, ನಾವು ಅದನ್ನು ವರದಿಗೆ ಹಾಕಿಬಿಡುತ್ತೇವೆ.

ಹಾಗಾಗಿ ಇಲ್ಲಿ ಲೆಕ್ಕ ಮಾಡುವ ಕೋಡ್‌ಗಿಂತ ಲೆಕ್ಕವನ್ನು ಪರೀಕ್ಷೆ ಮಾಡುವ ಕೋಡ್‌ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಎಲ್ಲವೂ ಒಂದೆರಡು ಸಾಲಿನವು. ಬಹುತೇಕ ಯಾವುದಕ್ಕೂ ಬೇರೆ ಪ್ಯಾಕೇಜ್ (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಫಂಕ್ಷನ್‌ಗಳ ಕಟ್ಟು) ಬೇಕಿಲ್ಲ, ಆರ್ ಇನ್‌ಸ್ಟಾಲ್ ಮಾಡಿದ್ದರೆ ಸಾಕು.

ಕೋಡ್ ಸಾಲುಗಳನ್ನು ಓದುವ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಚುಕ್ಕಿ, ಕಂಸ, ಡಾಲರ್ ಚಿಹ್ನೆ ಎಲ್ಲ ಇದ್ದ ಹಾಗೇ ಇರಲಿ. ಆರ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅನ್ನುವುದು ನೆನಪಿರಲಿ. ಫಂಕ್ಷನ್ ಹೆಸರುಗಳು ಹೆಚ್ಚಾಗಿ ಸಣ್ಣಕ್ಷರದಲ್ಲೇ ಇರುತ್ತವೆ. ಟ್ರೂ, ಫಾಲ್ಸ್, ಎನ್‌ಎ (ಮೌಲ್ಯ ಇಲ್ಲದ ಖಾಲಿ ಜಾಗದ ಗುರುತು) ಮಾತ್ರ ಪೂರ್ತಿ ದೊಡ್ಡಕ್ಷರ. ಈಸ್.ಎನ್‌ಎ, ಎನ್‌ಎ.ಆರ್‌ಎಂ ತರಹ ಚುಕ್ಕಿ ಇರುವ ಹೆಸರುಗಳಲ್ಲಿ ಎನ್‌ಎ ಸಣ್ಣಕ್ಷರ.

ಅಭ್ಯಾಸಕ್ಕೆ ಒಂದು ಟೇಬಲ್

ಆರ್ ಜೊತೆಯಲ್ಲೇ ಬರುವ ಏರ್‌ಕ್ವಾಲಿಟಿ ಎಂಬ ಟೇಬಲ್ ತೆಗೆದುಕೊಳ್ಳೋಣ. 1973ರ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ನ್ಯೂಯಾರ್ಕ್‌ನಲ್ಲಿ ದಿನಕ್ಕೊಂದು ಸಾಲಿನಂತೆ ದಾಖಲಿಸಿದ ಗಾಳಿಯ ಲೆಕ್ಕ ಇದು. ಓಜೋನ್, ಸೋಲಾರ್.ಆರ್, ವಿಂಡ್, ಟೆಂಪ್, ಮಂತ್, ಡೇ ಎಂದು ಆರು ಕಾಲಂ. ಈ ಹೆಸರುಗಳ ಮೊದಲ ಅಕ್ಷರ ದೊಡ್ಡದು, ಸೋಲಾರ್.ಆರ್‌ನ (ಬಿಸಿಲಿನ ಅಳತೆ) ಕೊನೆಯ ಆರ್ ಕೂಡ. ಉಷ್ಣಾಂಶ ಫ್ಯಾರನ್‌ಹೀಟ್‌ನಲ್ಲಿದೆ.

```
ಗಾಳಿ <- ಏರ್‌ಕ್ವಾಲಿಟಿ
ಡಿಮ್(ಗಾಳಿ)
ಎಸ್‌ಟಿಆರ್(ಗಾಳಿ)
ಸಮ್ಮರಿ(ಗಾಳಿ)
```

ಡಿಮ್ ಹೇಳುವುದು 153 ಸಾಲು, 6 ಕಾಲಂ. ಇಲ್ಲಿ ಒಂದು ಕ್ಷಣ ನಿಲ್ಲಿ. ಐದು ತಿಂಗಳ ದಿನಗಳನ್ನು ಕೂಡಿಸಿ: 31, 30, 31, 31, 30. ಮೊತ್ತ 153. ಸರಿ, ಒಂದು ದಿನವೂ ಬಿಟ್ಟುಹೋಗಿಲ್ಲ, ಒಂದೂ ಎರಡು ಸಲ ಬಂದಿಲ್ಲ ಎಂದು ಸದ್ಯಕ್ಕೆ ನಂಬಬಹುದು. ಯಾವ ಫೈಲ್ ತೆರೆದರೂ "ಇಷ್ಟು ಸಾಲು ಇರಬೇಕಿತ್ತು" ಎಂಬ ಒಂದು ಅಂದಾಜು ಮೊದಲೇ ಮನಸ್ಸಿನಲ್ಲಿರಬೇಕು. ಆ ಅಂದಾಜು ಇಲ್ಲದಿದ್ದರೆ ಡಿಮ್ ಕೊಡುವ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಎಸ್‌ಟಿಆರ್ ಪ್ರತಿ ಕಾಲಂನ ಜಾತಿ ತೋರಿಸುತ್ತದೆ. ಸಂಖ್ಯೆ ಇರಬೇಕಾದ ಕಡೆ ಅಕ್ಷರ ಅಂತ ಬಂದಿದೆಯಾ ನೋಡಿ. ಸಮ್ಮರಿಯಲ್ಲಿ ಕನಿಷ್ಠ, ಗರಿಷ್ಠ ಎರಡನ್ನು ಮೊದಲು ಓದಿ, ಸರಾಸರಿ ಆಮೇಲೆ. ಓಜೋನ್‌ನ ಕನಿಷ್ಠ 1, ಗರಿಷ್ಠ 168. ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) 31.5, ಸರಾಸರಿ 42.13. ಇವೆರಡರ ನಡುವೆ ಇಷ್ಟು ಅಂತರ ಇದ್ದರೆ ಕೆಲವು ದೊಡ್ಡ ಸಂಖ್ಯೆಗಳು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತಿವೆ ಎಂದರ್ಥ. ಗ್ರಾಫ್ ಹಾಕುವ ಮೊದಲೇ ಇಷ್ಟು ಗೊತ್ತಾಯಿತಲ್ವಾ?

ಖಾಲಿ ಜಾಗಗಳ ಲೆಕ್ಕ

ನನ್ನ ಪ್ರಕಾರ ಆರ್‌ನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಒಂದೇ ಸಾಲು ಯಾವುದು ಅಂದರೆ ಇದು:

```
ಕಾಲ್‌ಸಮ್ಸ್(ಈಸ್.ಎನ್‌ಎ(ಗಾಳಿ))
```

ಕಾಲ್‌ಸಮ್ಸ್‌ನಲ್ಲಿ ಕಾಲ್ ಅಂದರೆ ಕಾಲಂನ ಮೊದಲ ಮೂರು ಅಕ್ಷರ, ಮೊದಲ ಎಸ್ ಮಾತ್ರ ದೊಡ್ಡದು. ಪ್ರತಿ ಕಾಲಂನಲ್ಲಿ ಎಷ್ಟು ಖಾಲಿ ಇದೆ ಎಂದು ಇದು ಹೇಳುತ್ತದೆ. ನಮ್ಮ ಟೇಬಲ್‌ನಲ್ಲಿ ಓಜೋನ್ 37 ದಿನ ಖಾಲಿ, ಸೋಲಾರ್.ಆರ್ 7 ದಿನ ಖಾಲಿ. ಉಳಿದವು ಪೂರ್ತಿ. ಇನ್ನೊಂದು ಸಾಲು ಸೇರಿಸಿ:

```
ಸಮ್(ಕಂಪ್ಲೀಟ್.ಕೇಸಸ್(ಗಾಳಿ))
```

ಉತ್ತರ 111. ಅಂದರೆ ಒಂದೂ ಖಾಲಿ ಇಲ್ಲದ ಸಾಲುಗಳು 111 ಮಾತ್ರ. ಎರಡು ಕಾಲಂನಲ್ಲಿ ಅಲ್ಲಲ್ಲಿ ಖಾಲಿ ಇದ್ದಿದ್ದಕ್ಕೆ 42 ಸಾಲು ಹೋಯಿತು. ಎನ್‌ಎ.ಓಮಿಟ್ ಎಂದು ಒಂದು ಸಲ ಟೈಪ್ ಮಾಡಿದರೆ ಈ 42 ಸಾಲೂ ಮಾಯ, ಪರದೆಯ ಮೇಲೆ ಒಂದು ಎಚ್ಚರಿಕೆಯೂ ಬರುವುದಿಲ್ಲ. ಉಷ್ಣಾಂಶದ ಲೆಕ್ಕಕ್ಕೆ ಓಜೋನ್ ಖಾಲಿ ಇರುವ ಸಾಲನ್ನು ಯಾಕೆ ಬಿಡಬೇಕು? ಅದಕ್ಕೇ ಇಡೀ ಟೇಬಲ್ ಮೇಲೆ ಎನ್‌ಎ.ಓಮಿಟ್ ಹಾಕುವ ಅಭ್ಯಾಸ ಬೇಡ ಎನ್ನುತ್ತೇನೆ. ಬೇಕಾದ ಕಾಲಂಗೆ ಮಾತ್ರ, ಬೇಕಾದ ಲೆಕ್ಕದಲ್ಲಿ ಮಾತ್ರ ಖಾಲಿಗಳನ್ನು ಬಿಡಿ:

```
ಮೀನ್(ಗಾಳಿ$ಓಜೋನ್, ಎನ್‌ಎ.ಆರ್‌ಎಂ = ಟ್ರೂ)
```

ಎನ್‌ಎ.ಆರ್‌ಎಂ ಇಲ್ಲದೆ ಮೀನ್ ಕೇಳಿದರೆ ಉತ್ತರ ಎನ್‌ಎ ಎಂದೇ ಬರುತ್ತದೆ. ಹೊಸಬರಿಗೆ ಇದು ಕಿರಿಕಿರಿ ಅನ್ನಿಸಬಹುದು. ನನಗೆ ಮಾತ್ರ ಇದು ಆರ್‌ನ ಒಳ್ಳೆಯ ಗುಣ. "ಇಲ್ಲಿ ಖಾಲಿ ಇದೆ, ಏನು ಮಾಡಲಿ ಹೇಳು" ಎಂದು ಅದು ನಮ್ಮನ್ನೇ ಕೇಳುತ್ತಿದೆ.

ಗುಂಪು ಮಾಡಿ ಸರಾಸರಿ: ಇಲ್ಲಿ ನಿಧಾನವಾಗಿ ಹೋಗೋಣ

ತಿಂಗಳಿಗೊಂದು ಸರಾಸರಿ ಬೇಕು. ಟಿ-ಅಪ್ಲೈ ಇದಕ್ಕೆ ಸರಳ ದಾರಿ. ಟಿ ಮತ್ತು ಅಪ್ಲೈ ಒಟ್ಟಿಗೆ, ನಡುವೆ ಗೆರೆ ಇಲ್ಲ:

```
ಟಿಅಪ್ಲೈ(ಗಾಳಿ$ಓಜೋನ್, ಗಾಳಿ$ಮಂತ್, ಮೀನ್, ಎನ್‌ಎ.ಆರ್‌ಎಂ = ಟ್ರೂ)
```

ಉತ್ತರ ಹೀಗಿರುತ್ತದೆ: ಮೇ 23.62, ಜೂನ್ 29.44, ಜುಲೈ 59.12, ಆಗಸ್ಟ್ 59.96, ಸೆಪ್ಟೆಂಬರ್ 31.45. ನೋಡಲು ಅಂದವಾಗಿದೆ. ಬೇಸಿಗೆ ಏರಿದಂತೆ ಓಜೋನ್ ಏರಿದೆ, ಆಮೇಲೆ ಇಳಿದಿದೆ. ಇಷ್ಟಕ್ಕೇ ನಿಲ್ಲಿಸಬೇಡಿ. ಇದರ ಹಿಂದೆಯೇ ಈ ಸಾಲನ್ನೂ ಓಡಿಸಿ:

```
ಟಿಅಪ್ಲೈ(ಈಸ್.ಎನ್‌ಎ(ಗಾಳಿ$ಓಜೋನ್), ಗಾಳಿ$ಮಂತ್, ಸಮ್)
```

ಈಗ ಬರುವುದು 5, 21, 5, 5, 1. ಜೂನ್‌ನಲ್ಲಿ 30 ದಿನಕ್ಕೆ 21 ದಿನ ಖಾಲಿ! ಆ 29.44 ಎಂಬ ಸರಾಸರಿ ನಿಂತಿರುವುದು ಬರೀ 9 ದಿನಗಳ ಮೇಲೆ. ಜುಲೈನ 59.12 ಬಂದಿದ್ದು 26 ದಿನಗಳಿಂದ. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಒಂದೇ ದಪ್ಪದ ಪಟ್ಟಿಯಾಗಿ ಹಾಕಿದರೆ ನೋಡುವವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಈ ಎರಡು ಸಾಲನ್ನು ಯಾವಾಗಲೂ ಜೋಡಿಯಾಗಿ ಬಳಸಿ. ಇನ್ನೂ ಒಳ್ಳೆಯದು ಅಂದರೆ ಎರಡನ್ನೂ ಸೇರಿಸಿ ಒಂದು ಪುಟ್ಟ ಫಂಕ್ಷನ್ ಮಾಡಿಕೊಳ್ಳುವುದು:

```
ಎಣಿಸು <- ಫಂಕ್ಷನ್(ಎಕ್ಸ್) ಸಿ(
  ಒಟ್ಟು = ಲೆಂತ್(ಎಕ್ಸ್),
  ಖಾಲಿ = ಸಮ್(ಈಸ್.ಎನ್‌ಎ(ಎಕ್ಸ್)),
  ಸರಾಸರಿ = ಮೀನ್(ಎಕ್ಸ್, ಎನ್‌ಎ.ಆರ್‌ಎಂ = ಟ್ರೂ),
  ಮಧ್ಯಾಂಕ = ಮೀಡಿಯನ್(ಎಕ್ಸ್, ಎನ್‌ಎ.ಆರ್‌ಎಂ = ಟ್ರೂ))

ಟಿಅಪ್ಲೈ(ಗಾಳಿ$ಓಜೋನ್, ಗಾಳಿ$ಮಂತ್, ಎಣಿಸು)
```

ಪ್ರತಿ ತಿಂಗಳಿಗೂ ನಾಲ್ಕು ಸಂಖ್ಯೆ ಒಟ್ಟಿಗೆ ಬರುತ್ತವೆ. ಟೇಬಲ್ ರೂಪದಲ್ಲಿ ಬೇಕಿದ್ದರೆ ಇಡೀ ಸಾಲನ್ನು ಡು.ಕಾಲ್("ಆರ್‌ಬೈಂಡ್", …) ಒಳಗೆ ಹಾಕಿ.

ಇನ್ನು ಅಗ್ರಿಗೇಟ್. ಇದು ತುಂಬ ಅನುಕೂಲದ ಫಂಕ್ಷನ್. ಎರಡು ಕಾಲಂನ ಸರಾಸರಿ ಒಂದೇ ಸಲಕ್ಕೆ ತೆಗೆಯಬಹುದು:

```
ಅಗ್ರಿಗೇಟ್(ಸಿಬೈಂಡ್(ಓಜೋನ್, ಟೆಂಪ್) ~ ಮಂತ್, ಡೇಟಾ = ಗಾಳಿ, ಮೀನ್)
```

ಟೆಂಪ್‌ನ ಕಾಲಂ ನೋಡಿ. ಮೇ ತಿಂಗಳಿಗೆ 66.73 ಎಂದು ಬರುತ್ತದೆ. ಈಗ ಟಿಅಪ್ಲೈನಿಂದ ಟೆಂಪ್ ಒಂದನ್ನೇ ಕೇಳಿ. ಮೇ ತಿಂಗಳಿಗೆ 65.55. ಒಂದೇ ಟೇಬಲ್, ಒಂದೇ ಕಾಲಂ, ಒಂದೇ ತಿಂಗಳು, ಆದರೆ ಎರಡು ಉತ್ತರ. ಯಾಕೆ?

ಅಲೆಗೆರೆ (~) ಹಾಕಿ ಅಗ್ರಿಗೇಟ್ ಬರೆದಾಗ, ಹೆಸರಿಸಿದ ಕಾಲಂಗಳಲ್ಲಿ ಯಾವುದೊಂದು ಖಾಲಿ ಇದ್ದರೂ ಆರ್ ಆ ಸಾಲನ್ನು ಪೂರ್ತಿ ಬಿಟ್ಟು ಲೆಕ್ಕ ಮಾಡುತ್ತದೆ. ಮೇ ತಿಂಗಳಲ್ಲಿ ಓಜೋನ್ ಖಾಲಿ ಇರುವ ಐದು ದಿನಗಳ ಉಷ್ಣಾಂಶ 56, 69, 57, 58, 57. ಐದರಲ್ಲಿ ನಾಲ್ಕು ಚಳಿಯ ದಿನಗಳು. ಆ ದಿನಗಳು ಹೊರಗೆ ಹೋದ ಕೂಡಲೇ ತಿಂಗಳ ಸರಾಸರಿ ಒಂದು ಡಿಗ್ರಿಗಿಂತ ಜಾಸ್ತಿ ಮೇಲೆ ಹೋಯಿತು. ಜೂನ್‌ನಲ್ಲಿ ಉಲ್ಟಾ ಆಗಿದೆ: ನಿಜವಾದ ಸರಾಸರಿ 79.10, ಅಗ್ರಿಗೇಟ್ ಕೊಟ್ಟಿದ್ದು 78.22.

ಅಗ್ರಿಗೇಟ್ ತಪ್ಪು ಮಾಡಲಿಲ್ಲ. ಅದರ ನಿಯಮವೇ ಹಾಗಿದೆ. ಪರಿಹಾರ ಸುಲಭ. ಖಾಲಿ ಇರುವ ಕಾಲಂಗಳನ್ನು ಒಟ್ಟಿಗೆ ಸೇರಿಸದೆ ಬೇರೆ ಬೇರೆಯಾಗಿ ಲೆಕ್ಕ ಮಾಡಿ. ಇಲ್ಲವೇ ಎನ್‌ಎ.ಆ್ಯಕ್ಷನ್ = ಎನ್‌ಎ.ಪಾಸ್ ಎಂದು ಸೇರಿಸಿ, ಜೊತೆಗೆ ಎನ್‌ಎ.ಆರ್‌ಎಂ = ಟ್ರೂ ಕೂಡ ಕೊಡಿ. ಆಗ ಪ್ರತಿ ಕಾಲಂನ ಖಾಲಿ ಆ ಕಾಲಂಗೆ ಮಾತ್ರ ಸೀಮಿತವಾಗುತ್ತದೆ.

ಬೇಕಾದ ಸಾಲುಗಳನ್ನು ಆರಿಸುವಾಗ

ಓಜೋನ್ 100 ದಾಟಿದ ದಿನಗಳು ಯಾವುವು? ಎರಡು ರೀತಿ ಕೇಳಬಹುದು:

```
ಗಾಳಿ[ಗಾಳಿ$ಓಜೋನ್ > 100, ]
ಸಬ್‌ಸೆಟ್(ಗಾಳಿ, ಓಜೋನ್ > 100)
```

ಮೊದಲನೆಯದು 44 ಸಾಲು ಕೊಡುತ್ತದೆ, ಎರಡನೆಯದು 7. ಸರಿಯಾದದ್ದು 7. ಮೊದಲನೆಯದರಲ್ಲಿ 37 ಸಾಲು ಪೂರ್ತಿ ಎನ್‌ಎ. ಖಾಲಿ ಇರುವ ಸಂಖ್ಯೆ 100ಕ್ಕಿಂತ ದೊಡ್ಡದಾ ಎಂದು ಕೇಳಿದರೆ ಆರ್‌ನ ಉತ್ತರ "ಹೌದು" ಅಲ್ಲ, "ಇಲ್ಲ"ವೂ ಅಲ್ಲ, ಎನ್‌ಎ. ಚೌಕ ಕಂಸ ಆ ಎನ್‌ಎಯನ್ನೂ ಒಂದು ಸಾಲಾಗಿ ಎಣಿಸುತ್ತದೆ. ಸಬ್‌ಸೆಟ್ ಅದನ್ನು ಬಿಟ್ಟುಬಿಡುತ್ತದೆ. ಚೌಕ ಕಂಸವೇ ಬೇಕು ಎಂದರೆ ಒಳಗಿನ ಷರತ್ತನ್ನು ವಿಚ್ ಫಂಕ್ಷನ್‌ನಲ್ಲಿ ಸುತ್ತಿ, ಸರಿಹೋಗುತ್ತದೆ.

ಸಾಲುಗಳು ಬೇಡ, ಎಷ್ಟು ಎನ್ನುವುದಷ್ಟೇ ಸಾಕು ಎಂದಾಗ ಷರತ್ತನ್ನೇ ಕೂಡಿಸಿ. ಆರ್‌ಗೆ ಟ್ರೂ ಅಂದರೆ 1, ಫಾಲ್ಸ್ ಅಂದರೆ 0. ಹಾಗಾಗಿ ಸಮ್ ಹಾಕಿದರೆ ಎಣಿಕೆ, ಮೀನ್ ಹಾಕಿದರೆ ಪಾಲು.

```
ಸಮ್(ಗಾಳಿ$ಓಜೋನ್ > 100, ಎನ್‌ಎ.ಆರ್‌ಎಂ = ಟ್ರೂ)
ಮೀನ್(ಗಾಳಿ$ಓಜೋನ್ > 100, ಎನ್‌ಎ.ಆರ್‌ಎಂ = ಟ್ರೂ)
```

ಎರಡನೆಯದರ ಉತ್ತರ ಸುಮಾರು 0.06, ಅಂದರೆ ನೂರಕ್ಕೆ 6. ಇಲ್ಲಿ ಭಾಗಿಸಿದ್ದು 116ರಿಂದ, 153ರಿಂದ ಅಲ್ಲ. 153ರಿಂದ ಭಾಗಿಸಿದರೆ ನೂರಕ್ಕೆ 4.6 ಆಗುತ್ತಿತ್ತು. ವರದಿಯಲ್ಲಿ ಶೇಕಡಾವಾರು ಬರೆಯುವಾಗ "ಅಳತೆ ಸಿಕ್ಕ 116 ದಿನಗಳಲ್ಲಿ" ಎಂದು ಎರಡು ಪದ ಸೇರಿಸಿ. ಓದುವವರಿಗೆ ಅದು ದೊಡ್ಡ ಉಪಕಾರ.

ಇನ್ನೊಂದು ಮಾತು. ದಶಮಾಂಶ ಸಂಖ್ಯೆಗಳನ್ನು ಎರಡು ಸಮ ಚಿಹ್ನೆ ಹಾಕಿ ಹೋಲಿಸಬೇಡಿ. 0.1 + 0.2 == 0.3 ಎಂದು ಕೇಳಿದರೆ ಆರ್ ಫಾಲ್ಸ್ ಎನ್ನುತ್ತದೆ. ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗೆ. ಈಸ್‌ಟ್ರೂ(ಆಲ್.ಈಕ್ವಲ್(…)) ಬಳಸಿ, ಇದರಲ್ಲಿ ಟ್ರೂ ಪೂರ್ತಿ ದೊಡ್ಡಕ್ಷರ.

ಎಣಿಕೆಯ ಟೇಬಲ್, ಶೇಕಡಾವಾರು, ಗುಂಪು

```
ಟೇಬಲ್(ಗಾಳಿ$ಮಂತ್, ಯೂಸ್‌ಎನ್‌ಎ = "ಇಫೆನಿ")
ರೌಂಡ್(100 * ಪ್ರಾಪ್.ಟೇಬಲ್(ಟೇಬಲ್(ಗಾಳಿ$ಮಂತ್)), 1)
```

ಟೇಬಲ್ ಫಂಕ್ಷನ್ ತಾನಾಗಿ ಖಾಲಿಗಳನ್ನು ಎಣಿಸುವುದಿಲ್ಲ, ಅದಕ್ಕೇ ಯೂಸ್‌ಎನ್‌ಎ ಬೇಕು, ಇದರಲ್ಲಿ ಎನ್‌ಎ ದೊಡ್ಡಕ್ಷರ. ಉದ್ಧರಣ ಚಿಹ್ನೆ ಒಳಗಿನ ಇಫೆನಿ ಅಂದರೆ ಇಫ್ ಮತ್ತು ಎನಿ, ಜಾಗ ಬಿಡದೆ. ಅಂದಹಾಗೆ ರೌಂಡ್ 2.5ನ್ನು 2 ಮಾಡುತ್ತದೆ, 3 ಅಲ್ಲ. ಸರಿಯಾಗಿ ಅರ್ಧದಲ್ಲಿದ್ದರೆ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ಕ್ರಮ. ಬೇರೆ ಕಡೆ ಕೈಯಲ್ಲಿ ಮಾಡಿದ ಲೆಕ್ಕದ ಜೊತೆ ತಾಳೆ ನೋಡುವಾಗ ಇದು ಗೊತ್ತಿರಲಿ.

ಉಷ್ಣಾಂಶವನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ಒಡೆಯಬೇಕಾದರೆ ಕಟ್ ಇದೆ. ಟೆಂಪ್‌ನ ಕನಿಷ್ಠ 56, ಗರಿಷ್ಠ 97:

```
ಕಟ್(ಗಾಳಿ$ಟೆಂಪ್, ಬ್ರೇಕ್ಸ್ = ಸಿ(56, 70, 80, 97), ಇನ್‌ಕ್ಲೂಡ್.ಲೋಯೆಸ್ಟ್ = ಟ್ರೂ)
```

ಕೊನೆಯ ಆ ಇನ್‌ಕ್ಲೂಡ್.ಲೋಯೆಸ್ಟ್ ಬಿಟ್ಟರೆ ಅತಿ ಚಳಿಯ ದಿನ, ಅಂದರೆ ಮೇ 5, ಯಾವ ಗುಂಪಿಗೂ ಸೇರದೆ ಎನ್‌ಎ ಆಗುತ್ತದೆ. ಯಾಕೆಂದರೆ ಕಟ್ ಪ್ರತಿ ಗುಂಪಿನ ಬಲತುದಿಯನ್ನು ಒಳಗೆ ಸೇರಿಸುತ್ತದೆ, ಎಡತುದಿಯನ್ನು ಬಿಡುತ್ತದೆ. ಕಟ್ ಮಾಡಿದ ಮೇಲೆ ಯೂಸ್‌ಎನ್‌ಎ ಸಮೇತ ಟೇಬಲ್ ಹಾಕಿ ನೋಡಿದರೆ ತಕ್ಷಣ ಸಿಕ್ಕಿಬೀಳುತ್ತದೆ.

ನಿಮ್ಮ ಸ್ವಂತ ಫೈಲ್ ತೆರೆಯುವಾಗ

ಇಷ್ಟು ಹೊತ್ತು ಚೊಕ್ಕಟವಾದ ಟೇಬಲ್ ಜೊತೆ ಕೆಲಸ ಮಾಡಿದೆವು. ನಿಮ್ಮ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಕಾಲಂ ಬೇರ್ಪಡಿಸಿದ ಪಠ್ಯ ಫೈಲ್) ಇಷ್ಟು ಸೌಮ್ಯವಾಗಿ ಇರುವುದಿಲ್ಲ. ಮೂರು ವಿಷಯ ಓದುವಾಗಲೇ ಹೇಳಿಬಿಡಿ:

```
ಡಿ <- ರೀಡ್.ಸಿಎಸ್‌ವಿ("ಫೈಲ್.ಸಿಎಸ್‌ವಿ",
  ಎನ್‌ಎ.ಸ್ಟ್ರಿಂಗ್ಸ್ = ಸಿ("", "-", "9999"),
  ಕಾಲ್‌ಕ್ಲಾಸಸ್ = ಸಿ(ಕೋಡ್ = "ಕ್ಯಾರೆಕ್ಟರ್"),
  ಸ್ಟ್ರಿಪ್.ವೈಟ್ = ಟ್ರೂ)
```

ಎನ್‌ಎ.ಸ್ಟ್ರಿಂಗ್ಸ್‌ನಲ್ಲಿ ಖಾಲಿ ಎಂದು ಯಾವುದನ್ನು ತಿಳಿಯಬೇಕು ಎಂದು ಹೇಳುತ್ತೀರಿ. 9999 ಎಂದು ಬರೆದು "ಅಳತೆ ಇಲ್ಲ" ಎಂಬ ಅರ್ಥದಲ್ಲಿ ಬಿಡುವವರು ಬಹಳ. ಅದು ಸಂಖ್ಯೆಯಾಗಿ ಒಳಗೆ ಬಂದರೆ ಸರಾಸರಿ ಎಕ್ಕುಟ್ಟಿ ಹೋಗುತ್ತದೆ. ಇದರ ಉಲ್ಟಾ ತೊಂದರೆಯೂ ಇದೆ. ಏನೂ ಹೇಳದಿದ್ದರೆ ಆರ್ ಎನ್‌ಎ ಎಂಬ ಎರಡಕ್ಷರವನ್ನು ಖಾಲಿ ಎಂದೇ ತಿಳಿಯುತ್ತದೆ. ನಮೀಬಿಯಾ ದೇಶದ ಎರಡಕ್ಷರದ ಕೋಡ್ ಕೂಡ ಎನ್‌ಎ! ದೇಶಗಳ ಪಟ್ಟಿ ಓದಿದಾಗ ಒಂದು ದೇಶವೇ ಖಾಲಿಯಾಗಿ ಕಂಡರೆ ಕಾರಣ ಇದು.

ಕಾಲ್‌ಕ್ಲಾಸಸ್ (ಕ್ಲಾಸಸ್‌ನ ಮೊದಲ ಅಕ್ಷರ ದೊಡ್ಡದು) ಬೇಕಾಗುವುದು ಸೊನ್ನೆಯಿಂದ ಶುರುವಾಗುವ ಕೋಡ್‌ಗಳಿಗೆ. 00123 ಎನ್ನುವುದು ಸಂಖ್ಯೆಯಾಗಿ ಓದಿಸಿಕೊಂಡರೆ 123 ಆಗುತ್ತದೆ. ಆಮೇಲೆ ಬೇರೆ ಟೇಬಲ್ ಜೊತೆ ಹೊಂದುವುದಿಲ್ಲ. ಸ್ಟ್ರಿಪ್.ವೈಟ್ ಅಕ್ಷರಗಳ ಹಿಂದೆ ಮುಂದೆ ಉಳಿದ ಸ್ಪೇಸ್‌ಗಳನ್ನು ತೆಗೆಯುತ್ತದೆ.

ಸಂಖ್ಯೆಯ ಕಾಲಂ ಅಕ್ಷರವಾಗಿ ಬಂದಿದೆ ಎಂದುಕೊಳ್ಳಿ. ಎಲ್ಲೋ ಒಂದು ಕಡೆ "1,200" ಎಂದು ಕಾಮಾ ಇದೆ, ಇನ್ನೊಂದು ಕಡೆ "ಗೊತ್ತಿಲ್ಲ" ಎಂದು ಬರೆದಿದ್ದಾರೆ. ಆಸ್.ನ್ಯೂಮರಿಕ್ ಹಾಕಿದರೆ ಅವೆಲ್ಲ ಎನ್‌ಎ ಆಗುತ್ತವೆ, ಜೊತೆಗೆ ಒಂದು ಎಚ್ಚರಿಕೆ ಬರುತ್ತದೆ. ಆದರೆ ಯಾವುವು ಕೆಟ್ಟವು ಎಂದು ಅದು ಹೇಳುವುದಿಲ್ಲ. ಅದನ್ನು ಕಂಡುಹಿಡಿಯುವ ಸಾಲು ಇದು, ನನಗೆ ಬಹಳ ಇಷ್ಟವಾದದ್ದು:

```
ಯೂನಿಕ್(ಎಕ್ಸ್[ಈಸ್.ಎನ್‌ಎ(ಆಸ್.ನ್ಯೂಮರಿಕ್(ಎಕ್ಸ್)) & !ಈಸ್.ಎನ್‌ಎ(ಎಕ್ಸ್)])
```

ಮೊದಲು ಖಾಲಿ ಇರಲಿಲ್ಲ, ಸಂಖ್ಯೆ ಮಾಡಲು ಹೋದಾಗ ಖಾಲಿಯಾಯಿತು. ಅಂಥವುಗಳನ್ನೆಲ್ಲ ಒಂದೊಂದು ಸಲ ಪಟ್ಟಿ ಮಾಡುತ್ತದೆ. ಸಾವಿರಾರು ಸಾಲಿನ ಫೈಲ್‌ನಲ್ಲೂ ಕೆಟ್ಟ ನಮೂನೆಗಳು ಸಾಮಾನ್ಯವಾಗಿ ನಾಲ್ಕೈದೇ ಇರುತ್ತವೆ. ಕಾಮಾ ತೆಗೆಯಲು ಜಿಸಬ್(",", "", ಎಕ್ಸ್) ಸಾಕು.

ಹಳೆಯ ಸ್ಕ್ರಿಪ್ಟ್ ಸಿಕ್ಕಿದರೆ ಫ್ಯಾಕ್ಟರ್ ಬಗ್ಗೆ ಹುಷಾರು. ಬೇರೆ ಬೇರೆ ಮೌಲ್ಯಗಳಿಗೆ ಒಳಗೆ 1, 2, 3 ಎಂದು ಸಂಖ್ಯೆ ಕೊಟ್ಟು ಇಟ್ಟುಕೊಳ್ಳುವ ಕಾಲಂ ಅದು. 2020ರಲ್ಲಿ ಬಂದ ಆರ್ 4.0.0ಕ್ಕಿಂತ ಮೊದಲು ಅಕ್ಷರದ ಕಾಲಂಗಳು ತಾವಾಗಿಯೇ ಫ್ಯಾಕ್ಟರ್ ಆಗುತ್ತಿದ್ದವು. "10", "20", "30" ಇರುವ ಫ್ಯಾಕ್ಟರ್‌ಗೆ ನೇರವಾಗಿ ಆಸ್.ನ್ಯೂಮರಿಕ್ ಹಾಕಿದರೆ 1, 2, 3 ಬರುತ್ತದೆ. ನಡುವೆ ಆಸ್.ಕ್ಯಾರೆಕ್ಟರ್ ಇರಲೇಬೇಕು.

ಒಂದೇ ರೀತಿಯ ಹಲವು ಫೈಲ್‌ಗಳನ್ನು ಒಟ್ಟು ಮಾಡಲು:

```
ಹೆಸರು <- ಲಿಸ್ಟ್.ಫೈಲ್ಸ್("ಡೇಟಾ", ಫುಲ್.ನೇಮ್ಸ್ = ಟ್ರೂ)
ಎಲ್ಲ <- ಡು.ಕಾಲ್(ಆರ್‌ಬೈಂಡ್, ಎಲ್‌ಅಪ್ಲೈ(ಹೆಸರು, ಫಂಕ್ಷನ್(ಎಫ್)
  ಸಿಬೈಂಡ್(ರೀಡ್.ಸಿಎಸ್‌ವಿ(ಎಫ್), ಮೂಲ = ಬೇಸ್‌ನೇಮ್(ಎಫ್))))
```

ಮೂಲ ಎಂಬ ಕಾಲಂನಲ್ಲಿ ಯಾವ ಸಾಲು ಯಾವ ಫೈಲ್‌ನಿಂದ ಬಂತು ಎಂದು ಉಳಿಯುತ್ತದೆ. ಏನಾದರೂ ವಿಚಿತ್ರ ಕಂಡಾಗ ನೇರವಾಗಿ ಆ ಫೈಲ್‌ಗೆ ಹೋಗಬಹುದು.

ತಾರೀಖು

ತಾರೀಖಿನ ವಿಷಯದಲ್ಲಿ ಒಂದೇ ನಿಯಮ: ಅದು ಯಾವ ಕ್ರಮದಲ್ಲಿದೆ ಎಂದು ಆರ್‌ಗೆ ನೀವೇ ಹೇಳಿ. ಸುಮ್ನೆ ಆಸ್.ಡೇಟ್("03/04/2024") ಎಂದು ಕೊಟ್ಟರೆ ಎಚ್ಚರಿಕೆ ಏನೂ ಬರುವುದಿಲ್ಲ. ಉತ್ತರ ಮಾತ್ರ 0003-04-20 ಎಂದು ಬರುತ್ತದೆ, ಅಂದರೆ ಕ್ರಿ.ಶ. 3ನೇ ವರ್ಷದ ಏಪ್ರಿಲ್ 20! ಆರ್ ಮೊದಲ ಭಾಗವನ್ನು ವರ್ಷ ಎಂದುಕೊಂಡಿತು, 2024ರಲ್ಲಿ ಮೊದಲೆರಡು ಅಂಕಿಯನ್ನು ದಿನ ಎಂದುಕೊಂಡಿತು. ಹೀಗೆ ಬರೆಯಿರಿ:

```
ಆಸ್.ಡೇಟ್("03/04/2024", ಫಾರ್ಮ್ಯಾಟ್ = "%ಡಿ/%ಎಂ/%ವೈ")
```

ಆಸ್.ಡೇಟ್‌ನ ಡಿ ದೊಡ್ಡಕ್ಷರ. ಫಾರ್ಮ್ಯಾಟ್ ಒಳಗೆ ಡಿ, ಎಂ ಸಣ್ಣಕ್ಷರ. ವೈ ಮಾತ್ರ ದೊಡ್ಡದು, ಯಾಕೆಂದರೆ ವರ್ಷಕ್ಕೆ ನಾಲ್ಕು ಅಂಕಿ. ಸಣ್ಣ ವೈ ಎರಡಂಕಿಯ ವರ್ಷಕ್ಕೆ. ಎಕ್ಸೆಲ್‌ನಿಂದ ಬಂದ ತಾರೀಖು 45292 ಎಂಬಂತೆ ಬರೀ ಸಂಖ್ಯೆಯಾಗಿ ಬಂದಿದ್ದರೆ ಒರಿಜಿನ್ = "1899-12-30" ಕೊಡಿ. 2024ರ ಜನವರಿ 1 ಎಂದು ಸರಿಯಾಗಿ ತಿರುಗುತ್ತದೆ.

ನಮ್ಮ ಗಾಳಿ ಟೇಬಲ್‌ನಲ್ಲಿ ತಿಂಗಳು, ದಿನ ಬೇರೆ ಬೇರೆ ಇವೆ. ಸೇರಿಸೋಣ:

```
ಗಾಳಿ$ತಾರೀಖು <- ಆಸ್.ಡೇಟ್(ಪೇಸ್ಟ್(1973, ಗಾಳಿ$ಮಂತ್, ಗಾಳಿ$ಡೇ, ಸೆಪ್ = "-"))
ರೇಂಜ್(ಗಾಳಿ$ತಾರೀಖು)
ಟೇಬಲ್(ಡಿಫ್(ಗಾಳಿ$ತಾರೀಖು))
```

ಕೊನೆಯ ಸಾಲು ಒಂದು ದಿನಕ್ಕೂ ಮುಂದಿನ ದಿನಕ್ಕೂ ಇರುವ ಅಂತರ ಎಣಿಸುತ್ತದೆ. 1 ಎಂಬುದು 152 ಸಲ, ಬೇರೇನೂ ಇಲ್ಲ. ಶುರುವಿನಲ್ಲಿ ಸಾಲು ಎಣಿಸಿ ನಂಬಿದ್ದು ಈಗ ಪಕ್ಕಾ ಆಯಿತು. 2 ಅಥವಾ 0 ಕಂಡಿದ್ದರೆ ದಿನ ತಪ್ಪಿದೆ ಅಥವಾ ಎರಡು ಸಲ ಬಂದಿದೆ ಎಂದರ್ಥ.

ಎರಡು ಟೇಬಲ್ ಜೋಡಿಸುವಾಗ

ತಿಂಗಳ ಸಂಖ್ಯೆ ಮತ್ತು ಹೆಸರು ಇರುವ ಐದು ಸಾಲಿನ ಪಟ್ಟಿ ನಿಮ್ಮ ಬಳಿ ಇದೆ ಎನ್ನೋಣ. ಅದನ್ನು ಗಾಳಿಗೆ ಜೋಡಿಸಬೇಕು.

```
ಹೊಸದು <- ಮರ್ಜ್(ಗಾಳಿ, ಪಟ್ಟಿ, ಬೈ = "ಮಂತ್", ಆಲ್.ಎಕ್ಸ್ = ಟ್ರೂ)
ಸ್ಟಾಪ್‌ಇಫ್‌ನಾಟ್(ಎನ್‌ರೋ(ಹೊಸದು) == ಎನ್‌ರೋ(ಗಾಳಿ))
```

ಪಟ್ಟಿಯಲ್ಲಿ ಸೆಪ್ಟೆಂಬರ್ ಬಿಟ್ಟುಹೋಗಿದ್ದು, ನೀವು ಆಲ್.ಎಕ್ಸ್ ಕೂಡ ಹಾಕದಿದ್ದರೆ 153 ಸಾಲು ಸದ್ದಿಲ್ಲದೆ 123 ಆಗುತ್ತದೆ. ಪಟ್ಟಿಯಲ್ಲಿ ಜೂನ್ ಎರಡು ಸಲ ಬಂದಿದ್ದರೆ 183 ಆಗುತ್ತದೆ, ಜೂನ್‌ನ ಪ್ರತಿ ದಿನವೂ ಎರಡೆರಡು. ಎರಡೂ ಒಟ್ಟಿಗೆ ಆದರೆ 153ಕ್ಕೆ 153 ಸರಿಹೋಗಿ, ಎನ್‌ರೋ ಪರೀಕ್ಷೆಯೂ ಪಾಸಾಗಿಬಿಡುತ್ತದೆ. ಅದಕ್ಕೇ ಮರ್ಜ್ ಮಾಡುವ ಮೊದಲು ಇನ್ನೆರಡು ಸಾಲು:

```
ಎನಿಡುಪ್ಲಿಕೇಟೆಡ್(ಪಟ್ಟಿ$ಮಂತ್)
ಸೆಟ್‌ಡಿಫ್(ಗಾಳಿ$ಮಂತ್, ಪಟ್ಟಿ$ಮಂತ್)
```

ಮೊದಲನೆಯದು (ಡುಪ್ಲಿಕೇಟೆಡ್‌ನ ಮೊದಲ ಡಿ ದೊಡ್ಡಕ್ಷರ) 0 ಬರಬೇಕು, ಎರಡನೆಯದು ಏನೂ ಇಲ್ಲ ಎಂದು ಬರಬೇಕು. ಮರ್ಜ್ ಸಾಲುಗಳ ಕ್ರಮವನ್ನೂ ಬದಲಿಸುತ್ತದೆ, ಜೋಡಿಸಿದ ಕಾಲಂನ ಪ್ರಕಾರ ವಿಂಗಡಿಸುತ್ತದೆ. ಮೊದಲಿನ ಕ್ರಮ ಮುಖ್ಯವಾಗಿದ್ದರೆ ತಾರೀಖಿನ ಮೇಲೆ ಆರ್ಡರ್ ಹಾಕಿ ಮತ್ತೆ ಸರಿಮಾಡಿಕೊಳ್ಳಿ.

ಸ್ಟಾಪ್‌ಇಫ್‌ನಾಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರೊಳಗೆ ಬರೆದ ಮಾತು ನಿಜವಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಡೇಟಾ ಬಗ್ಗೆ ನಿಮಗೆ ಖಾತ್ರಿ ಇರುವ ಪ್ರತಿ ವಿಷಯವನ್ನೂ ಹೀಗೆ ಬರೆದಿಡಿ. ಮುಂದಿನ ತಿಂಗಳು ಹೊಸ ಫೈಲ್ ಹಾಕಿ ಓಡಿಸಿದಾಗ ಆ ಖಾತ್ರಿ ಉಳಿದಿದೆಯಾ ಎಂದು ಅದೇ ನೋಡಿಕೊಳ್ಳುತ್ತದೆ.

ಸಂಬಂಧ ಮತ್ತು ಚಿತ್ರ

ಓಜೋನ್‌ಗೂ ಉಷ್ಣಾಂಶಕ್ಕೂ ಸಂಬಂಧ ಎಷ್ಟು?

```
ಕಾರ್(ಗಾಳಿ$ಓಜೋನ್, ಗಾಳಿ$ಟೆಂಪ್, ಯೂಸ್ = "ಕಂಪ್ಲೀಟ್.ಆಬ್ಸ್")
ಪ್ಲಾಟ್(ಓಜೋನ್ ~ ಟೆಂಪ್, ಡೇಟಾ = ಗಾಳಿ)
ಬಾಕ್ಸ್‌ಪ್ಲಾಟ್(ಓಜೋನ್ ~ ಮಂತ್, ಡೇಟಾ = ಗಾಳಿ, ವರ್‌ವಿಡ್ತ್ = ಟ್ರೂ)
```

ಕಾರ್ ಅಂದರೆ ಕೋರಿಲೇಶನ್‌ನ ಮೊದಲ ಮೂರು ಅಕ್ಷರ. ಸಂಖ್ಯೆ ಸುಮಾರು 0.70 ಬರುತ್ತದೆ. ಪ್ಲಾಟ್ ನೋಡಿದರೆ ಗೆರೆ ನೇರವಾಗಿಲ್ಲ: ಚಳಿಯ ದಿನಗಳಲ್ಲಿ ಓಜೋನ್ ಹೆಚ್ಚು ಕದಲುವುದಿಲ್ಲ, ಬಿಸಿ ಏರಿದ ಮೇಲೆ ಜೋರಾಗಿ ಏರುತ್ತದೆ. ಬಾಕ್ಸ್‌ಪ್ಲಾಟ್‌ನಲ್ಲಿ ವರ್‌ವಿಡ್ತ್ ಹಾಕಿದರೆ ಪೆಟ್ಟಿಗೆಯ ಅಗಲ ಅಳತೆಗಳ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ. ಜೂನ್‌ನ ಪೆಟ್ಟಿಗೆ ಉಳಿದವಕ್ಕಿಂತ ಕಿರಿದು, 9 ದಿನದ ಕಥೆ ಚಿತ್ರದಲ್ಲೇ ಕಾಣುತ್ತದೆ.

ಸಂಖ್ಯೆ ನೋಡಿದರೆ ಸಾಕು, ಚಿತ್ರ ಯಾಕೆ ಎನ್ನುವವರು ಆ್ಯನ್ಸ್‌ಕೋಂಬ್ ಎಂಬ ಟೇಬಲ್ ತೆರೆಯಲಿ. ಅದೂ ಆರ್ ಜೊತೆಗೇ ಬರುತ್ತದೆ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆ್ಯನ್ಸ್‌ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ಜೋಡಿ ಕಾಲಂಗಳು ಅದರಲ್ಲಿವೆ. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ ಸುಮಾರು 7.5, ಸಂಬಂಧ ಸುಮಾರು 0.82. ಪ್ಲಾಟ್ ಹಾಕಿದರೆ ಒಂದು ಹರಡಿದ ಚುಕ್ಕಿಗಳು, ಒಂದು ಬಾಗಿದ ಗೆರೆ, ಒಂದು ನೇರ ಗೆರೆಯಿಂದ ಒಂದೇ ಚುಕ್ಕಿ ದೂರ, ಇನ್ನೊಂದರಲ್ಲಿ ಒಂದು ಚುಕ್ಕಿ ಬಿಟ್ಟು ಉಳಿದದ್ದೆಲ್ಲ ಒಂದೇ ಕಂಬದಲ್ಲಿ.

ಉಳಿಸುವುದು, ಮತ್ತೆ ಬಳಸುವುದು

ಬೇರೆಯವರಿಗೆ ಕೊಡಲು ರೈಟ್.ಸಿಎಸ್‌ವಿ, ಅದರಲ್ಲಿ ರೋ.ನೇಮ್ಸ್ = ಫಾಲ್ಸ್ ಮರೆಯಬೇಡಿ. ಇಲ್ಲದಿದ್ದರೆ ಮೊದಲಿಗೆ ಹೆಸರಿಲ್ಲದ ಒಂದು ಕಾಲಂ ಸೇರಿಕೊಳ್ಳುತ್ತದೆ. ನಿಮಗೇ ಮತ್ತೆ ಬೇಕಾದರೆ ಸೇವ್‌ಆರ್‌ಡಿಎಸ್ (ಆರ್‌ಡಿಎಸ್ ದೊಡ್ಡಕ್ಷರ) ಒಳ್ಳೆಯದು. ತಾರೀಖು, ಫ್ಯಾಕ್ಟರ್ ಎಲ್ಲ ಇದ್ದ ಹಾಗೇ ಉಳಿಯುತ್ತವೆ, ರೀಡ್‌ಆರ್‌ಡಿಎಸ್‌ನಿಂದ ವಾಪಸ್ ತರಬಹುದು. ಮೂಲ ಫೈಲ್ ಮೇಲೆ ಮಾತ್ರ ಯಾವತ್ತೂ ಬರೆಯಬೇಡಿ.

ಎಣಿಸು ತರಹದ ಫಂಕ್ಷನ್‌ಗಳನ್ನು ಒಂದೇ ಫೈಲ್‌ನಲ್ಲಿ ಇಟ್ಟು, ಪ್ರತಿ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಸೋರ್ಸ್("ನನ್ನ_ಕೋಡ್.ಆರ್") ಎಂದು ಕರೆಯಿರಿ. ಆರ್‌ಸ್ಟುಡಿಯೋ (ಆರ್ ಕೋಡ್ ಬರೆದು ಓಡಿಸುವ ತಂತ್ರಾಂಶ) ಬಳಸುವವರಿಗೆ ಸ್ನಿಪೆಟ್ ಸೌಲಭ್ಯವೂ ಇದೆ: ಟೂಲ್ಸ್ ಮೆನುವಿನಿಂದ ಕೋಡ್ ಸ್ನಿಪೆಟ್‌ಗಳನ್ನು ತೆರೆದು ನಿಮ್ಮದನ್ನು ಸೇರಿಸಿ. ಆಮೇಲೆ ಅದರ ಚಿಕ್ಕ ಹೆಸರು ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಪೂರ್ತಿ ಕೋಡ್ ಬಂದು ಕೂರುತ್ತದೆ. ಆದರೆ ಸ್ನಿಪೆಟ್ ಅಂದರೆ ನಕಲು. ಒಂದು ಕಡೆ ತಿದ್ದಿದರೆ ಹಳೆಯ ಸ್ಕ್ರಿಪ್ಟ್‌ಗಳಲ್ಲಿ ತಿದ್ದುಪಡಿ ಆಗುವುದಿಲ್ಲ. ಮೂರು ಸಾಲಿಗಿಂತ ಉದ್ದ ಇರುವುದನ್ನು ಫಂಕ್ಷನ್ ಮಾಡಿ, ಉಳಿದದ್ದಕ್ಕೆ ಸ್ನಿಪೆಟ್ ಸಾಕು.

ಟೇಬಲ್ ಕೆಲಸಕ್ಕಿರುವ ಡಿಪ್ಲೈಆರ್ ಎಂಬ ಪ್ಯಾಕೇಜ್ ಬಳಸುವವರಿಗೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ. ಅಲ್ಲಿ ಸಮ್ಮರೈಸ್ ಒಳಗೆ ಮೀನ್ ಬರೆಯುವಾಗ ಪಕ್ಕದಲ್ಲೇ ಎನ್() ಮತ್ತು ಖಾಲಿಗಳ ಎಣಿಕೆ ಬರೆಯಿರಿ. ಇನ್ನು |> ಎಂಬ ಪೈಪ್ ಚಿಹ್ನೆ (ಒಂದು ಲೆಕ್ಕದ ಉತ್ತರವನ್ನು ಮುಂದಿನ ಫಂಕ್ಷನ್‌ಗೆ ದಾಟಿಸುವುದು) 2021ರ ಆರ್ 4.1.0ರಿಂದ ಆರ್‌ನಲ್ಲೇ ಇದೆ, ಅದಕ್ಕೆ ಪ್ಯಾಕೇಜ್ ಬೇಡ. ನಿಮ್ಮ ಕೋಡ್ ಪಡೆಯುವವರ ಬಳಿ ಅದಕ್ಕಿಂತ ಹಳೆಯ ಆರ್ ಇದ್ದರೆ ಆ ಸಾಲು ಓಡುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ನಿಮ್ಮ ಫಂಕ್ಷನ್ ಫೈಲ್‌ನ ಕೊನೆಯಲ್ಲಿ, ಉತ್ತರ ಮೊದಲೇ ಗೊತ್ತಿರುವ ಎರಡು ಸಾಲು ಸೇರಿಸಿ. ಫಂಕ್ಷನ್ ತಿದ್ದಿದಾಗ ಎಲ್ಲಾದರೂ ಕೆಟ್ಟರೆ ಸೋರ್ಸ್ ಮಾಡಿದ ಕೂಡಲೇ ನಿಲ್ಲುತ್ತದೆ:

```
ಸ್ಟಾಪ್‌ಇಫ್‌ನಾಟ್(ಎಣಿಸು(ಏರ್‌ಕ್ವಾಲಿಟಿ$ಓಜೋನ್)["ಒಟ್ಟು"] == 153)
ಸ್ಟಾಪ್‌ಇಫ್‌ನಾಟ್(ಎಣಿಸು(ಏರ್‌ಕ್ವಾಲಿಟಿ$ಓಜೋನ್)["ಖಾಲಿ"] == 37)
```